ತಿದ್ದಿ ಕಳಿಸಿದ ಕಾಗದ

ಮೊನ್ನೆ ಪಕ್ಕದ ಮನೆಯ ರುದ್ರಣ್ಣ ಮಗಳ ಲಗ್ನಪತ್ರಿಕೆಯ ಕರಡು ಹಿಡಿದುಕೊಂಡು ಬಂದ. ಚಿತ್ರದುರ್ಗದ ಅಚ್ಚುಕೂಟದವರು ಕಳಿಸಿದ್ದಂತೆ. ಕಾಗದವಿನ್ನೂ ಮಸಿ ವಾಸನೆ ಹೊಡೆಯುತ್ತಿತ್ತು.

"ಒಂದ್ಸಲ ಕಣ್ಣಾಡಿಸಿ ಕೊಡ್ರಿ ಮೇಷ್ಟ್ರೇ. ತಪ್ಪು ಉಳಿದ್ರೆ ಬೀಗರ ಕಡೆಯೋರು ಆಡ್ಕಂತಾರೆ" ಎಂದ.

ಕಣ್ಣಾಡಿಸುವ ಮೊದಲೇ ನಾಲ್ಕು ತಪ್ಪು ಕಣ್ಣಿಗೆ ಬಿದ್ದವು. ಈ ಕಣ್ಣಿನ ಹಣೆಬರಹವೇ ಅಷ್ಟು. ಐದನೆಯದು ಸಿಕ್ಕುವಷ್ಟರಲ್ಲಿ ಕರಡನ್ನು ಮಡಿಚಿ ಅವನ ಕೈಗೆ ಕೊಟ್ಟೆ.

"ಮದುವೆ ಯಾವತ್ತು ಅಂತ ಇದರಲ್ಲಿ ಇದೆಯೇನಪ್ಪ?"

"ಐತೆ."

"ಗಂಡು ಹೆಣ್ಣಿನ ಹೆಸರು? ಯಾವ ಊರಿಗೆ ಬರಬೇಕು ಅನ್ನೋದು?"

"ಎಲ್ಲಾ ಐತ್ರಿ."

"ಹಾಗಾದರೆ ಹೋಗಿ ಅಚ್ಚು ಹಾಕಿಸು."

ಅವನು ನನ್ನ ಮುಖ ನೋಡಿದ, ಕರಡು ನೋಡಿದ, ತಲೆ ಕೆರೆದುಕೊಂಡು ಹೊರಟ. ಗೋಡೆಯ ಆಚೆ ಹೆಂಡತಿಗೆ ಹೇಳಿದ್ದು ನನಗೆ ಕೇಳಿಸಿತು: "ಪಾಪ ಕಣೇ, ಮೇಷ್ಟ್ರಿಗೆ ಕಣ್ಣು ಹೋದಂಗೈತೆ." ಕಣ್ಣು ಹೋಗಿಲ್ಲ. ಕಿವಿಯಂತೂ ಖಂಡಿತ ಹೋಗಿಲ್ಲ.

ಅವನು ಹೋದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಅಟ್ಟದ ಮೇಲಿನ ಹಳೇ ಪೆಟ್ಟಿಗೆ ಇಳಿಸಿ ನೋಡಿದೆ. ನನ್ನ ಕೆಂಪು ಮಸಿಯ ಸೀಸೆ ಅಲ್ಲೇ ಇತ್ತು. ಒಳಗಿನದೆಲ್ಲ ಒಣಗಿ ತಳದಲ್ಲಿ ಹಕ್ಕಳೆಯಾಗಿ ಕೂತಿದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದರ ಬಿರಡೆಯನ್ನು ನಾನು ತೆಗೆದಿಲ್ಲ. ಕೆಂಪು ಮಸಿ ಮುಟ್ಟದ ಮೇಷ್ಟ್ರು ಎಂದು ಇಲಾಖೆಯಲ್ಲಿ ನಗೆಪಾಟಲಾದೆ. ಹುಡುಗರ ಬರಹವನ್ನೂ ಸೀಸದಕಡ್ಡಿಯಲ್ಲಿ ತಿದ್ದಿ ಕಾಲ ಹಾಕಿದೆ. ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ನೀವು ನನ್ನನ್ನು ಬಲ್ಲವರು, ನಿಮ್ಮೆದುರು ಮುಚ್ಚಿಡುವ ವಯಸ್ಸೂ ದಾಟಿತು, ಹೇಳಿಬಿಡುತ್ತೇನೆ.

ಮೊದಲು ನಾನೆಂಥವನಿದ್ದೆ ಎಂಬುದು ಗೊತ್ತಾಗಬೇಕು. ಚಳ್ಳಕೆರೆಗೆ ಇನ್ನೂ ಮೋಟಾರು ಬಂದಿರದ ಕಾಲ ಅದು. ಲೋಯರ್ ಸೆಕೆಂಡರಿ ಪಾಸು ಮಾಡಿ ಪಕ್ಕದ ಹಳ್ಳಿಯೊಂದರ ಶಾಲೆಗೆ ಮೇಷ್ಟ್ರಾಗಿದ್ದೆ. ಒಕ್ಕಲುತನದ ನಮ್ಮ ವಂಶದಲ್ಲಿ ಅಕ್ಷರ ಕಲಿತ ಮೊದಲನೆಯವನು ನಾನೇ. ಹೊಸದಾಗಿ ಸಿಕ್ಕ ಅಧಿಕಾರ, ತಲೆಗೇರಿತು. ನಮ್ಮ ಕಡೆಯವರ ನಾಲಿಗೆಗೆ ಮಹಾಪ್ರಾಣ ಹೊರಲಾಗದ ಭಾರ. ಹಾಗಾಗಿ ಊರಿಡೀ ತಪ್ಪಿನ ಸುಗ್ಗಿ, ನಾನೊಬ್ಬನೇ ಕೊಯ್ಲಿನ ಆಳು. ಪೇಟೆಯಲ್ಲಿ ಎಣ್ಣೆ ಮಾರುತ್ತಿದ್ದ ಬುಡನ್ ಸಾಬರು ಅಂಗಡಿಗೆ ಹಲಗೆ ಬರೆಸಿದರು. ಒಂದೇ ಸಾಲಿನಲ್ಲಿ ಮೂರು ತಪ್ಪು. ನಾನು ದಿನವೂ ಹೋಗಿ ಹೇಳುತ್ತಿದ್ದೆ. ಕೊನೆಗೊಂದು ದಿನ ಅವರು ಕೈ ಮುಗಿದರು. "ಮಾಲು ಅಸಲಿ ಐತೆ ಮೇಷ್ಟ್ರೇ. ಬೋರ್ಡಿನಾಗೆ ಪಲ್ಯ ಹುರಿಯಾಕೆ ಆಗಲ್ಲ, ಬಿಟ್ಟುಬಿಡ್ರಿ." ನಾನು ಬಿಡಲಿಲ್ಲ, ಎಣ್ಣೆ ತರುವುದನ್ನು ಬಿಟ್ಟೆ.

ಇದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿದೆ. ನನ್ನ ಮಾವನವರು ತೀರಿಕೊಂಡಾಗ ಮೂಲೆಗೆ ಕಪ್ಪು ಬಳಿದ ಕಾಗದ ಬಂತು. ಅದನ್ನು ಕಂಡ ಕೂಡಲೇ ನನ್ನ ಹೆಂಡತಿ ಎದೆ ಬಡಿದುಕೊಂಡು ಕುಸಿದಳು. ನಾನು ಓದಿ ಮುಗಿಸಿ, ಸ್ನಾನಕ್ಕೆ ಏಳುವ ಮೊದಲೇ, "ಸ್ವರ್ಗಸ್ಥ ಎನ್ನುವುದನ್ನು ತಪ್ಪು ಬರೆದಿದ್ದಾರೆ" ಎಂದೆ. ಆ ಮಾತನ್ನು ಅವಳು ಇವತ್ತಿಗೂ ಮರೆತಿಲ್ಲ. ನಾನು ಉಪ್ಪು ಹೆಚ್ಚಾಯಿತು ಅಂದಾಗಲೆಲ್ಲ ಅದನ್ನು ಎತ್ತುತ್ತಾಳೆ. ಎತ್ತಲಿ, ಅವಳಿಗೆ ಆ ಹಕ್ಕಿದೆ.

ಆದರೆ ನಾನು ಹೇಳಹೊರಟಿದ್ದು ನನ್ನ ತಂಗಿ ತಿಪ್ಪಮ್ಮನ ವಿಷಯ.

ನಮ್ಮಪ್ಪ ಬೇಗ ಹೋದ. ಅವ್ವ, ನಾನು, ತಿಪ್ಪಿ, ಮೂವರೇ. ನಾನು ಗುಡಿಯ ಜಗಲಿಯ ಮೇಲೆ ಐಗಳ ಮಠಕ್ಕೆ ಹೋಗಿ ಮರಳಿನಲ್ಲಿ ಬೆರಳು ಸವೆಸಿಕೊಂಡು ಬರುತ್ತಿದ್ದೆ. ಹೆಣ್ಣುಮಕ್ಕಳನ್ನು ಐಗಳು ಸೇರಿಸುತ್ತಿರಲಿಲ್ಲ. ತಿಪ್ಪಿ ಬಿಡುವವಳಲ್ಲ. ನಾನು ಬರುವುದನ್ನೇ ಕಾದಿದ್ದು ಕಣದ ಮೂಲೆಯಲ್ಲಿ ಮಣ್ಣು ಹರವಿಕೊಂಡು ಕೂರುತ್ತಿದ್ದಳು. ಐಗಳು ನನಗೆ ಕೊಟ್ಟ ಪೆಟ್ಟನ್ನೆಲ್ಲ ಅಕ್ಷರದ ರೂಪದಲ್ಲಿ ನಾನು ಅವಳಿಗೆ ತೀರಿಸುತ್ತಿದ್ದೆ. ನನ್ನದೊಂದು ಕಟ್ಟಳೆ ಇತ್ತು. ಒಂದು ಅಕ್ಷರ ತಪ್ಪಿದರೂ ಇಡೀ ಸಾಲನ್ನು ಕಾಲಿನಿಂದ ಅಳಿಸಿಬಿಡುವುದು. ಸರಿಯಾಗಿ ಬರೆಯುವ ತನಕ ಅವಳ ಜೊತೆ ಮಾತಿಲ್ಲ, ಅವಳು ಏನು ಕೇಳಿದರೂ ಉತ್ತರವಿಲ್ಲ. ಅವಳು ಅಳುತ್ತಿರಲಿಲ್ಲ. ಮಣ್ಣನ್ನು ಅಂಗೈಯಿಂದ ಸವರಿ ಮತ್ತೆ ಬರೆಯುತ್ತಿದ್ದಳು. ಬರೆದಾದ ಮೇಲೆ, "ಈಗ ಮಾತಾಡ್ತೀಯಾ?" ಎನ್ನುತ್ತಿದ್ದಳು.

ಕಾಲಿನಿಂದ ಅಳಿಸಿದೆ ಎಂದು ಬರೆಯುವಾಗ ಈಗ ಮೈ ಹಿಡಿಯಾಗುತ್ತದೆ. ಆಗ ಅದು ಪಾಠ ಹೇಳುವ ಕ್ರಮವೆಂದೇ ತಿಳಿದಿದ್ದೆ.

ಅವ್ವನಿಗೆ ಅಕ್ಷರ ಬಾರದು, ಆದರೆ ಅವಳಿಗೂ ಕಟ್ಟಳೆಗಳಿದ್ದವು. ಗೌರಸಮುದ್ರದಲ್ಲಿದ್ದ ನಮ್ಮ ದೊಡ್ಡಮ್ಮ ಒಮ್ಮೆ ಬೋಗುಣಿ ತುಂಬ ಮಜ್ಜಿಗೆಹುಳಿ ಕೊಟ್ಟು ಕಳಿಸಿದ್ದಳು. ಬೋಗುಣಿಯನ್ನು ತೊಳೆದು ನಾನು ಹಾಗೇ ಹಿಂದಿರುಗಿಸಿ ಬಂದೆ. ಅವ್ವನಿಗೆ ತಿಳಿದದ್ದೇ ತಡ, "ಬರಿ ಪಾತ್ರೆ ಕೊಟ್ಟು ಬಂದ್ಯಾ? ಇನ್ನು ನಿಮ್ಮನೇದು ನಮ್ಗೆ ಬ್ಯಾಡ ಅಂದಂಗಾತಲ್ಲೋ!" ಎಂದು ಹಣೆ ಚಚ್ಚಿಕೊಂಡಳು. ಮಾರನೆಯ ದಿನ ಒಂದು ಹಿಡಿ ಕಡಲೆಕಾಯಿ ಕಟ್ಟಿಕೊಟ್ಟು ಅಷ್ಟು ದೂರ ಮತ್ತೆ ನಡೆಸಿದಳು. ಬಿಸಿಲಲ್ಲಿ ನಡೆಯುತ್ತಾ ನಾನು ಅರ್ಧ ಕಡಲೆಕಾಯಿ ತಿಂದೆ. ಉಳಿದರ್ಧವನ್ನು ದೊಡ್ಡಮ್ಮ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಇದೆಂಥ ಮೌಢ್ಯ ಎಂದುಕೊಂಡೆ. ಬರಿದೇ ಹಿಂದಿರುಗಿಸಬಾರದೆಂಬ ಈ ಕಟ್ಟಳೆ ನಮ್ಮ ಸೀಮೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಕಾಗುಣಿತ ಪುಸ್ತಕದಲ್ಲಿ ಇರಲಿಲ್ಲ ನೋಡಿ.

ತಿಪ್ಪಿಯನ್ನು ಮೊಳಕಾಲ್ಮೂರಿಗೆ ಕೊಟ್ಟೆವು. ಗಂಡ ನಿಂಗಪ್ಪ ಒಳ್ಳೆಯವನು, ಹೊಲಮನೆಯುಳ್ಳವನು. ಅವರ ಮನೆಯಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ. ಓದು ಬಲ್ಲವರು ಒಬ್ಬರೂ ಇರಲಿಲ್ಲ. ಚಳ್ಳಕೆರೆಯಿಂದ ಗಾಡಿಯಲ್ಲಿ ಹೊರಟರೆ ದಾರಿಯಲ್ಲೊಂದು ಕಡೆ ತಂಗಿ ಮಾರನೆಯ ದಿನ ಸೇರಬೇಕು. ಹಾಗಾಗಿ ತಿಪ್ಪಿ ಕಾಗದ ಬರೆಯುತ್ತಿದ್ದಳು. ಸೊಸೆಗೆ ಬರೆಯಲು ಬರುತ್ತದೆಂದು ಅತ್ತೆ ಕೇರಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳಂತೆ.

ನಾನೇನು ಮಾಡುತ್ತಿದ್ದೆ? ಅವಳ ಕಾಗದಕ್ಕೆ ಕೆಂಪು ಮಸಿಯಲ್ಲಿ ಗೆರೆ ಎಳೆದು, ತಪ್ಪು ತಿದ್ದಿ, ಅದೇ ಕಾಗದವನ್ನು ಅವಳಿಗೆ ವಾಪಸು ಕಳಿಸುತ್ತಿದ್ದೆ. ಅವಳು ಅದನ್ನು ಚೊಕ್ಕಟವಾಗಿ ನಕಲು ಮಾಡಿ ಮತ್ತೆ ಕಳಿಸಬೇಕು. ಆಮೇಲೆ ನನ್ನ ಉತ್ತರ. ಕಣದ ಕಟ್ಟಳೆಯೇ ಟಪಾಲಿಗೆ ಬಂದಿತ್ತು. ಅವಳೂ ಒಪ್ಪಿಕೊಂಡಿದ್ದಳು, ನಕಲಿನ ಕೊನೆಗೆ "ಈಗ ಮಾತಾಡ್ತೀಯಾ?" ಎಂದು ಬರೆಯುತ್ತಿದ್ದಳು. ತಿದ್ದಿದ ಕಾಗದದ ಜೊತೆ ಅವ್ವ ತಪ್ಪದೆ ಏನಾದರೂ ಇಡಿಸುತ್ತಿದ್ದಳು. ಮಾರಮ್ಮನ ಭಂಡಾರದ ಒಂದು ಚಿಟಿಕೆ, ಒಂದೆಳೆ ಅರಿಸಿನದ ದಾರ, ಇಲ್ಲವೇ ನನ್ನ ಕೈಯಲ್ಲಿ ಬರೆಸಿದ ಎರಡು ಮಾತು, "ಎಮ್ಮೆ ಈದೈತೆ, ನಿನ್ನ ನೆನೆಸ್ಕಂತೀನಿ" ಅಂತ. ಆ ಎರಡು ಮಾತನ್ನೂ ನಾನು ಗ್ರಂಥದ ಕನ್ನಡಕ್ಕೆ ತಿರುಗಿಸಿಯೇ ಬರೆಯುತ್ತಿದ್ದೆ. ಎಮ್ಮೆ ನಮ್ಮ ಮನೆಯಲ್ಲಿ ಈಯುತ್ತಿರಲಿಲ್ಲ, ಪ್ರಸವಿಸುತ್ತಿತ್ತು.

ಆ ವರ್ಷ ಪುಷ್ಯದಲ್ಲಿ ಒಂದು ಕಾಗದ ಬಂತು. ತಿಪ್ಪಿ ಚೊಚ್ಚಲ ಬಸುರಿ ಎಂಬುದು ನಮಗೆ ಗೊತ್ತಿತ್ತು. ಏಳು ತುಂಬುವಾಗ ತವರಿನವರು ಸೀರೆ ಕುಪ್ಪಸ ಒಯ್ದು ಕುಬಸ ಮಾಡಿ ಕರೆದುಕೊಂಡು ಬರುವುದು ಪದ್ಧತಿ. ಕರೆಯಲು ಯಾರಾದರೂ ಹೋಗಲೇಬೇಕು, ಬಸುರಿ ತಾನಾಗಿ ಬರುವಂತಿಲ್ಲ. ಅವ್ವ ವಿಧವೆ, ಅವಳು ಮುಂದೆ ನಿಲ್ಲುವಂತಿಲ್ಲ. ನಾನೇ ಹೋಗಬೇಕು. ಕಾಗದ ಹೀಗಿತ್ತು. ಪ್ರತಿ ಅಕ್ಷರವೂ ನನಗೆ ನೆನಪಿದೆ:

"ಅಣ್ನಯ್ಯಗೆ ತಿಪ್ಪಿ ಮಾಡೊ ನಮಸ್ಕರ. ಐದು ತುಂಬತು. ಅತ್ತೆ ಒಳ್ಳೆರು ಆದರೆ ನೀರು ಬಾಳ ದೂರ ಐತೆ. ಕಾಲು ಮುಕ ಬಾತು ಕಂಡವೆ. ಕಣ್ಣು ಮಂಜು ಆಗತೈತೆ. ನಂಗೆ ಬಯ ಐತೆ. ಕುಬಸದ ಗಂಟ ಕಾಯಬ್ಯಾಡ ಜಲ್ದಿ ಬಂದು ಕರಕಂಡು ಹೋಗು. ಅವ್ವಗೆ ಹೇಳು. ಬಾಳ ಬಯ ಐತೆ."

ಓದಿದೆನೇ? ಓದಿದೆ. ಅದೇ ನನ್ನ ಪಾಪ. ಓದದೆ ಬಿಟ್ಟಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಮೊದಲ ಬಸುರು, ಹೆಣ್ಣುಮಕ್ಕಳು ಹೆದರುತ್ತಾರೆ ಎಂದುಕೊಂಡೆ. ಮರುದಿನ ನಮ್ಮ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ನನ್ನ ತಲೆಯೆಲ್ಲ ಅಲ್ಲಿತ್ತು. ಕೆಂಪು ಲೇಖನಿ ಕೈಯಲ್ಲೇ ಇತ್ತು. 'ಕರಕಂಡು' ಎಂಬುದನ್ನು ಹೊಡೆದು 'ಕರೆದುಕೊಂಡು' ಎಂದು ಬರೆದೆ. ಬಕಾರದ ಹೊಟ್ಟೆ ಸೀಳಿದರೆ ಭಕಾರ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಹಾಗೆ ಆ ಎರಡು 'ಬಯ'ಗಳ ಹೊಟ್ಟೆಯನ್ನೂ ಕೆಂಪು ಗೆರೆಯಿಂದ ಸೀಳಿದೆ. ಎಷ್ಟು ತಪ್ಪು ಎಂದು ಎಣಿಸಿ ತುದಿಯಲ್ಲಿ ಬರೆದು ಸುತ್ತು ಹಾಕಿದೆ. ಲಕೋಟೆಗೆ ಹಾಕಿ ಟಪಾಲಿಗೆ ಕೊಟ್ಟು ಶಾಲೆಗೆ ಓಡಿದೆ. ಅವ್ವ ಆ ವಾರ ನನ್ನ ಹೆಂಡತಿಯನ್ನೂ ಕರೆದುಕೊಂಡು ಗೌರಸಮುದ್ರಕ್ಕೆ ಹೋಗಿದ್ದಳು. ಜೊತೆಗೆ ಭಂಡಾರ ಇಡಲು ಹೇಳುವವರಿಲ್ಲ. ನನ್ನದೊಂದು ಸಾಲೂ ಅದರಲ್ಲಿರಲಿಲ್ಲ.

ಇನ್ಸ್‌ಪೆಕ್ಟರು ನಮ್ಮ ಶಾಲೆಯ ಪುಸ್ತಕದಲ್ಲಿ 'ಮಕ್ಕಳ ಬರವಣಿಗೆ ಶುದ್ಧವಾಗಿದೆ' ಎಂದು ಬರೆದು ಹೋದರು. ನಾನು ಅಂಗಡಿಯಿಂದ ಬೆಂಡು ಬತ್ತಾಸು ತಂದು ಹಂಚಿದೆ.

ಅವ್ವ ಬಂದವಳು ಕೇಳಿದಳು. "ತಿಪ್ಪಿ ಕಾಗದ ಬಂದಿತ್ತೇನೋ?"

"ಬಂದಿತ್ತು. ಕ್ಷೇಮವಾಗಿದ್ದಾಳೆ. ತಿದ್ದಿ ಕಳಿಸಿದ್ದೇನೆ, ನಕಲು ಬರಲಿ."

ನಕಲು ಬರಲಿಲ್ಲ. ಹದಿನೈದು ದಿನವಾಯಿತು, ತಿಂಗಳಾಯಿತು. ಅವ್ವ ವಾರಕ್ಕೆರಡು ಸಲ ಕೇಳುವಳು. ನಾನು, "ಸೋಮಾರಿತನ, ತಿದ್ದಿ ಬರೆಯಲಿ" ಎನ್ನುವೆನು. ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೆ ಸಿಟ್ಟೂ ಬಂದಿತ್ತು. ಇಷ್ಟು ತಿದ್ದಿದ್ದಕ್ಕೆ ಮುನಿಸೇ ಎಂದುಕೊಂಡೆ. ಏಳು ತುಂಬುವ ಹೊತ್ತಿಗೆ ಅವ್ವ ಸೀರೆ ಕುಪ್ಪಸ ತಂದಿಟ್ಟು, "ಹೋಗ್ತೀಯಾ ಇಲ್ವಾ?" ಎಂದು ಕಣ್ಣೀರು ಹಾಕಿದಳು. ಶಾಲೆಯ ಪರೀಕ್ಷೆ ಇದೆ, ಯುಗಾದಿ ಕಳೆಯಲಿ, ಎಂಟರಲ್ಲೂ ಮಾಡುವವರಿದ್ದಾರೆ ಎಂದೆ. ಅವಳಾಗಿ ಒಂದು ಸಾಲು ಬರೆಯಲಿ, ಆಮೇಲೆ ನಾನು ಎದ್ದೇನು ಎಂಬ ಹಟವೂ ಆ ಮಾತಿನಲ್ಲಿ ಸೇರಿಕೊಂಡಿತ್ತು.

ಯುಗಾದಿಯ ಮರುದಿನ ನಿಂಗಪ್ಪನೇ ಬಂದ. ಕಾಲಿಗೆ ನೀರು ಕೊಟ್ಟರೆ ತೊಳೆಯಲಿಲ್ಲ. ಹೊಸ್ತಿಲಾಚೆಯೇ ನಿಂತು ರುಮಾಲಿನ ಸುತ್ತಿನಿಂದ ಒಂದು ಕಾಗದ ತೆಗೆದ. ನಾನು ತಿದ್ದಿ ಕಳಿಸಿದ್ದೇ ಅದು.

"ಇದ್ರಾಗೆ ಏನೈತೆ, ಈಗನಾ ಹೇಳ್ರಿ ಭಾವ" ಎಂದ. "ಇದು ಬಂದ ದಿನಾನೇ ನಮ್ಮವ್ವ ಒಡೆದು ನೋಡಿ 'ತಿರಿಗಿ ಒಚ್ಚಿಂದಿ' ಅಂದ್ಲು. ನಾವು ಕಳಿಸಿದ್ದು ಬರಿದೇ ತಿರುಗಿ ಬಂತು, ಮ್ಯಾಲೆ ಕೆಂಪು ಬರೆ ಎಳೆದವ್ರೆ ಅಂತ ಕೂತುಬಿಟ್ಲು. ಇವಳು ಅಣ್ಣ ತಪ್ಪು ತಿದ್ದವ್ನೆ ಅಂದ್ಲು. ಯಾವ ಹೆಣ್ಣುಮಗಳು ತವರು ಬಿಟ್ಟುಕೊಡ್ತಾಳೆ ಹೇಳ್ರಿ? ಮಾನ ಮುಚ್ಚಾಕೆ ಹಂಗಂತಾಳೆ, ತವರಿಗೆ ಇವಳು ಬ್ಯಾಡಾಗವ್ಳೆ ಅಂದ್ಕಂಡ್ವಿ. ಆದ್ರೂ ಏಳು ತುಂಬಿದಾಗ ದಾರಿ ನೋಡಿದ್ವಿ. ನೀವು ಬರಲಿಲ್ಲ. ಆವಾಗ ಅವಳೂ ಸುಮ್ಮನಾದ್ಲು."

"ಈಗ ಹೇಗಿದ್ದಾಳೆ?"

"ದಿನ ತುಂಬೋಕೆ ಮುಂಚೆನೇ ಆತು. ಮೈಯೆಲ್ಲ ಸೆಟೆದು ಅರಿವು ತಪ್ತು. ಸಿದ್ದಾಪುರಕ್ಕೆ ಓಡಿ ಅಕ್ಷರಗುಂಡಿನ ನೀರು ತಂದು ಕುಡಿಸಿದ್ವಿ. ಅವಳು ಉಳ್ಕಂಡ್ಲು. ಕೂಸು ಎರಡು ದಿನ ಇತ್ತು."

ಬ್ರಹ್ಮಗಿರಿಯ ಬುಡದಲ್ಲಿ ಪುರಾತನ ಕಾಲದ ಅಕ್ಷರ ಕೆತ್ತಿದ ಬಂಡೆಯೊಂದಿದೆ. ಅದನ್ನೇ ಅಕ್ಷರಗುಂಡು ಎನ್ನುವುದು. ಅದರಲ್ಲಿ ಏನು ಬರೆದಿದೆ ಎಂದು ಸುತ್ತಲ ಹಳ್ಳಿಯ ಯಾರಿಗೂ ತಿಳಿಯದು. ಆದರೂ ಆ ಅಕ್ಷರದ ಮೇಲೆ ನೀರು ಸುರಿದು, ತೊಳೆದ ನೀರನ್ನು ಹಿಡಿದು ಕಾಯಿಲೆಯವರಿಗೆ ಕುಡಿಸುತ್ತಾರೆ. ಇದನ್ನು ನಾನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ. ಓದಲು ಬಾರದ ಆ ಜನ ಅಕ್ಷರದಿಂದ ಜೀವ ಉಳಿಯುತ್ತದೆ ಎಂದು ನಂಬಿ ಚೆಂಬು ಹಿಡಿದು ಓಡಿದ್ದರು. ಓದು ಬಲ್ಲ ನಾನು ಮನೆಯಲ್ಲಿ ಕೂತು ನಕಲು ಕಾಯುತ್ತಿದ್ದೆ.

ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಕಾಗದವನ್ನು ತೋರಿಸಿ, "ಅದ್ರಾಗೆ ಹೆಂಗೈತೋ ಹಂಗೇ ಓದು" ಎಂದಳು. ನನ್ನ ಕೆಂಪು ಅಕ್ಷರಗಳನ್ನು ಬಿಟ್ಟು, ತಿಪ್ಪಿಯ ಅಕ್ಷರಗಳನ್ನು ಓದಿದೆ. ಅವ್ವ ಕಾಗದ ಇಸಿದುಕೊಂಡು ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದಳು.

"ತಪ್ಪು ಎಲ್ಲೈತೋ ಇದ್ರಾಗೆ? ನಂಗೆ ಎಲ್ಲಾ ತಿಳೀತಲ್ಲ" ಎಂದಳು.

ಆಮೇಲೆ ಸಾಯುವ ತನಕ ಅವಳು ನನ್ನ ಕೈಯಲ್ಲಿ ಏನನ್ನೂ ಓದಿಸಲಿಲ್ಲ, ಬರೆಸಲಿಲ್ಲ.

ಮೊಳಕಾಲ್ಮೂರಿಗೆ ಹೋದೆವು. ಚಳ್ಳಕೆರೆಯಲ್ಲಿ ಸರಕಾರದ ಔಷಧಾಲಯವಿತ್ತು, ಕೈ ಪಳಗಿದ ಸೂಲಗಿತ್ತಿಯಿದ್ದಳು. ಐದರಲ್ಲೇ ಕರೆತಂದಿದ್ದರೆ ಕೂಸು ಉಳಿಯುತ್ತಿತ್ತೇ ಎಂದು ಗಾಡಿಯಲ್ಲಿ ಕೂತು ನನ್ನಷ್ಟಕ್ಕೆ ಕೇಳಿಕೊಂಡೆ. ಉಳಿಯುತ್ತಿತ್ತೋ ಇಲ್ಲವೋ, ಈಗಲೂ ಕೇಳಿಕೊಳ್ಳುತ್ತಿದ್ದೇನೆ. ತಿಪ್ಪಿ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ನಕಲು ಮಾಡಾಣ ಅಂತ ಕುಂತಿದ್ದೆ ಅಣ್ಣ" ಎಂದಳು. "ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ."

ಅಷ್ಟೇ. ಅತ್ತೆಯೆದುರು ನನ್ನ ಪರವಾಗಿ ಒಂದು ಮಾತು ಹೇಳಿದಳು, ನನಗೆ ರೊಟ್ಟಿ ಬಡಿಸಿದಳು. ಹೊರಡುವಾಗ ನಾನು, "ಕಾಗದ ಬರಿಯಮ್ಮ, ಹೇಗೆ ಬಂದರೆ ಹಾಗೆ ಬರಿ" ಎಂದೆ. ಅವಳು, "ಬರೆಯೋದು ಮರೆತೋತು" ಎಂದಳು. ಮರೆಯುವಂಥದ್ದಲ್ಲ ಅದು. ಕಣದ ಮಣ್ಣಿನಲ್ಲಿ ನೂರು ಸಲ ಅಳಿಸಿ ಕಲಿತದ್ದು.

ವರ್ಷ ಕಳೆಯಿತು, ಕಾಗದವಿಲ್ಲ. ಒಂದು ದಿನ ನಾನೇ ಬರೆಯಲು ಕೂತೆ. ಉಭಯ ಕುಶಲೋಪರಿ ಎಂದು ಶುರು ಮಾಡಿ ಹೊಡೆದು ಹಾಕಿದೆ. ಯಾವ ಉಭಯ, ಎಲ್ಲಿಯ ಕುಶಲ? ತಪ್ಪಾಯಿತು ತಿಪ್ಪಿ ಎಂದು ಬರೆದೆ. ನೋಡಿದರೆ ಆ 'ತಪ್ಪಾಯಿತು' ಎಂಬುದರಲ್ಲೇ ಒತ್ತಕ್ಷರ ಬಿಟ್ಟುಹೋಗಿತ್ತು. ಹಾಳೆ ಹರಿದು ಮತ್ತೆ ಬರೆದೆ. ಹಾಗೆ ಹರಿಯುತ್ತಿರುವಾಗಲೇ ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿತು, ಆದರೂ ಹರಿದೆ. ನಾಲ್ಕನೆಯ ನಕಲು ಶುದ್ಧವಾಗಿತ್ತು. ಜೊತೆಗೆ ಭಂಡಾರ ಕಟ್ಟಿಟ್ಟೆ. ಅವಳ ಕೈಗೇ ಸೇರಲೆಂದು ರಿಜಿಸ್ಟರು ಮಾಡಿಸಿದೆ, ಸ್ವೀಕೃತಿಯ ಚೀಟಿ ವಾಪಸು ಬರುವಂತೆ. ನಿಜ ಹೇಳಬೇಕೆಂದರೆ ಆ ಚೀಟಿಯ ಆಸೆಗೇ ಮಾಡಿಸಿದ್ದು. ಅವಳು ಉತ್ತರ ಬರೆಯದಿದ್ದರೂ ಆ ಚೀಟಿಗೆ ರುಜು ಹಾಕಬೇಕಲ್ಲ, ಅವಳ ನಾಲ್ಕು ಅಕ್ಷರವಾದರೂ ಕಣ್ಣಿಗೆ ಬೀಳುತ್ತದಲ್ಲ ಎಂದು.

ಕಾಗುಣಿತ ಬೇಡ, ವ್ಯಾಕರಣ ಬೇಡ ಎಂದು ಹೇಳಲು ಇಷ್ಟೆಲ್ಲ ಬರೆದೆ ಎಂದುಕೊಳ್ಳಬೇಡಿ. ತಪ್ಪು ತಪ್ಪೇ. ರುದ್ರಣ್ಣನ ಲಗ್ನಪತ್ರಿಕೆಯ ಆ ನಾಲ್ಕು ತಪ್ಪು ಈಗಲೂ ಕಣ್ಣಿನಲ್ಲಿ ಚುಚ್ಚುತ್ತಿವೆ. ಬಹುಶಃ ಸಂಜೆ ಹೋಗಿ ಹೇಳಿ ಬರುತ್ತೇನೆ. ಕಾಗುಣಿತದ್ದೇನೂ ದೋಷವಿಲ್ಲ, ಕೆಟ್ಟವನು ನಾನು. ಹೇಳಿದ್ದನ್ನು ಕೇಳಿಸಿಕೊಂಡು, ಕೇಳಿದ್ದಕ್ಕೆ ಉತ್ತರ ಕೊಟ್ಟು, ಆಮೇಲೆ ತಿದ್ದಬಹುದಿತ್ತು.

ಪೆಟ್ಟಿಗೆಯಲ್ಲಿ ಮಸಿಯ ಸೀಸೆಯ ಕೆಳಗೆ ಆ ಚೀಟಿ ಇದೆ. ರುಜುವಿನ ಜಾಗದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು, ಗೆರೆಗಳೆಲ್ಲ ಸ್ಪಷ್ಟವಾಗಿ ಮೂಡಿವೆ. ಅದರ ಪಕ್ಕದಲ್ಲಿ ಟಪಾಲಿನವನು ಕಪ್ಪು ಮಸಿಯಲ್ಲಿ, 'ತಿಪ್ಪಮ್ಮ, ಓದು ಬರಹ ಬಾರದು' ಎಂದು ಬರೆದಿದ್ದಾನೆ. ಎಷ್ಟು ಸಲ ನೋಡಿದರೂ ಅದರಲ್ಲಿ ಒಂದು ಕಾಗುಣಿತದ ತಪ್ಪೂ ನನಗೆ ಸಿಕ್ಕಿಲ್ಲ.